ಗುರುವಾರ ಮಾತ್ರ ಸೇರುವ ತೋಟದ ಮನೆ

ಕಿಬ್ಬನಹಳ್ಳಿ ಕ್ರಾಸ್‌ನಲ್ಲಿ ಬಸ್ ಇಳಿದರೆ ಮೂರು ತಾಲ್ಲೂಕಿಗೂ ದಾರಿ ಸಿಗುತ್ತದೆ. ಬಿ.ಎಚ್. ರಸ್ತೆಯಲ್ಲೇ ಪಶ್ಚಿಮಕ್ಕೆ ಹೋದರೆ ತಿಪಟೂರು, ಉತ್ತರಕ್ಕೆ ತಿರುಗಿದರೆ ಚಿಕ್ಕನಾಯಕನಹಳ್ಳಿ, ದಕ್ಷಿಣಕ್ಕೆ ತುರುವೇಕೆರೆ. ಯಾವ ಕಡೆ ಹೊರಳಿದರೂ ಕಣ್ಣಿಗೆ ಬೀಳುವುದು ತೆಂಗೇ. ನಾನು ಹುಡುಕಿಕೊಂಡು ಹೋದ ತೋಟ ಈ ಮೂರರಲ್ಲಿ ಒಂದು ದಾರಿಯಲ್ಲಿದೆ. ಯಾವುದು ಅಂತ ಬರೆಯಬೇಡಿ ಎಂದಿದ್ದಾರೆ, ಬರೆಯುವುದಿಲ್ಲ. ದಾರಿ ಕೇಳಲು ಒಂದು ಪೆಟ್ಟಿಗೆ ಅಂಗಡಿ ಮುಂದೆ ನಿಂತೆ. "ಸ್ಕೂಲಿಗೆ ಹೋಗದೇ ಇರೋ ಮಕ್ಕಳ ಸ್ಕೂಲು ತಾನೆ? ಇವತ್ತು ಗುರುವಾರ, ಇರ್ತಾರೆ ಹೋಗಿ" ಎಂದ ಅಂಗಡಿಯಾತ. ಮಾತಿನಲ್ಲಿ ಕೊಂಕಿತ್ತೋ, ಸುಮ್ಮನೆ ಹಾಗಂದನೋ ಗೊತ್ತಾಗಲಿಲ್ಲ. ಆದರೆ ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಮಕ್ಕಳನ್ನು ಶಾಲೆಗೆ ಹಾಕದೆ ಮನೆಯಲ್ಲೇ ಓದಿಸುವ ಕೆಲವು ಕುಟುಂಬಗಳು ವಾರಕ್ಕೊಂದು ದಿನ ಒಟ್ಟು ಸೇರುವ ಜಾಗ ಅದು. ಆರು ದಿನ ಮನೆಯಲ್ಲಿ ಕಲಿತದ್ದಕ್ಕೆ ಒಂದು ದಿನದ ಪೂರಕ ಪಾಠ.

ಡಾಂಬರು ಮುಗಿದು ಕೆಮ್ಮಣ್ಣಿನ ದಾರಿ. ಎರಡೂ ಕಡೆ ತೋಟ, ನಡುವೆ ಅಲ್ಲಲ್ಲಿ ಅಡಿಕೆ, ಬೇಲಿಗೆ ಕತ್ತಾಳೆ. ಗೇಟಿನ ಒಳಗೆ ಕಾಲಿಡುತ್ತಿದ್ದಂತೆ ಬಲಕ್ಕೆ ಆಳೆತ್ತರದ ಮಟ್ಟೆ ರಾಶಿ. ಅದರ ಪಕ್ಕದಲ್ಲಿ ಒಬ್ಬರು ನೆಲಕ್ಕೆ ನೆಟ್ಟ ಕಬ್ಬಿಣದ ಸಲಾಕೆಗೆ ಕಾಯಿ ಕುಕ್ಕಿ ಸುಲಿಯುತ್ತಿದ್ದರು. ಮೂರು ತಿರುವಿಗೆ ಒಂದು ಕಾಯಿ. ತಲೆ ಎತ್ತದೆ "ಒಳಗೆ ಹೋಗಿ, ಶುರುವಾಗಿದೆ" ಎಂದರು. ಇವರ ಮಾತು ಮುಂದೆ ಮತ್ತೆ ಬರುತ್ತದೆ.

ಮನೆಯ ಗೋಡೆಗೆ ಒಂದು ಹಲಗೆ ತೂಗುಹಾಕಿದ್ದಾರೆ. ಮಕ್ಕಳೇ ಬರೆದ ಅಕ್ಷರ: "ಇದು ಶಾಲೆಯಲ್ಲ. ಇಲ್ಲಿ ಅಡ್ಮಿಷನ್ ಇಲ್ಲ, ಹಾಜರಿ ಇಲ್ಲ, ಟಿ.ಸಿ. ಇಲ್ಲ." ಓದಿ ನಕ್ಕೆ. ಆದರೆ ಅದು ತಮಾಷೆಗೆ ಬರೆದದ್ದಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಆ ಮೇಲೂ ಮುಂದುವರಿಸಿದರೆ ದಿನಕ್ಕೆ ಹತ್ತು ಸಾವಿರ. ಹಾಗಾಗಿ ಶಾಲೆ ಎಂಬ ಪದವನ್ನೇ ಇವರು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅದೇ ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎಂದೂ ಹೇಳುತ್ತದೆ. ಸೇರಿಸದಿದ್ದರೆ ಅವರಿಗೆ ಶಿಕ್ಷೆ ಮಾತ್ರ ಇಟ್ಟಿಲ್ಲ. ಮನೆಪಾಠದ ಹೆಸರನ್ನೇ ಅದು ಎತ್ತುವುದಿಲ್ಲ. ಆ ಮೌನದೊಳಗೆ ಈ ಕುಟುಂಬಗಳು ಜಾಗ ಮಾಡಿಕೊಂಡಿವೆ. ಒಬ್ಬ ತಾಯಿಯನ್ನು ಈ ಬಗ್ಗೆ ನೇರವಾಗಿ ಕೇಳಿದೆ. "ಭಯ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಯಾರಾದ್ರೂ ಬಂದು ಕೇಳಿದ್ರೆ ಮಕ್ಕಳ ನೋಟ್‌ಬುಕ್ ತೋರಿಸ್ತೀವಿ, ಅಷ್ಟೆ" ಎಂದರು.

ಜಗಲಿಯಲ್ಲಿ ಚಾಪೆ ಹಾಸಿತ್ತು. ಮಕ್ಕಳು ಇಪ್ಪತ್ತರ ಆಸುಪಾಸು. ಆರು ವರ್ಷದವರಿಂದ ಮೀಸೆ ಚಿಗುರುತ್ತಿರುವ ಹುಡುಗನವರೆಗೆ ಎಲ್ಲರೂ ಒಂದೇ ಸಾಲಿನಲ್ಲಿ. ತರಗತಿ ವಿಭಾಗವಿಲ್ಲ. ಪಾಠ ಮಾಡುವವರು ಮಕ್ಕಳ ತಂದೆತಾಯಿಗಳೇ, ಜೊತೆಗೆ ನಿವೃತ್ತರಾದ ಒಬ್ಬ ಹೈಸ್ಕೂಲ್ ಮೇಷ್ಟ್ರು. ಅವರನ್ನು ಮಕ್ಕಳು ಸಾರ್ ಎನ್ನುವುದಿಲ್ಲ, "ತಾತ" ಎನ್ನುತ್ತಾರೆ. ಉಳಿದ ಹೆಂಗಸರೆಲ್ಲ ಅಕ್ಕ. ಸ್ವಂತ ಅಮ್ಮನನ್ನೂ ಒಬ್ಬ ಹುಡುಗ ಆ ದಿನದ ಮಟ್ಟಿಗೆ ಅಕ್ಕ ಎನ್ನುತ್ತಿದ್ದ. ಹಾಗೊಂದು ನಿಯಮವಿದೆಯೇ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ.

ದಿನ ಶುರುವಾಗುವುದು ಹೀಗೆ: ಪ್ರತಿಯೊಬ್ಬರೂ ಆ ವಾರ ತಮಗೆ ಅರ್ಥವಾಗದ ಒಂದು ಸಂಗತಿ ಹೇಳಬೇಕು. ಕಲಿತದ್ದನ್ನು ಹೇಳುವಂತಿಲ್ಲ. ಒಬ್ಬನಿಗೆ ಭಿನ್ನರಾಶಿಯ ಭಾಗಾಕಾರದಲ್ಲಿ ಎರಡನೆಯದನ್ನು ತಲೆಕೆಳಗು ಮಾಡುವುದೇಕೆ ಎಂಬುದು ತಿಳಿದಿಲ್ಲ. ಇನ್ನೊಬ್ಬಳಿಗೆ ರಾತ್ರಿ ನಾಯಿಗಳು ಒಟ್ಟಿಗೆ ಬೊಗಳುವುದೇಕೆ ಎಂಬುದು. ಎಂಟು ವರ್ಷದವಳಿರಬೇಕು, ಒಬ್ಬ ಹುಡುಗಿ ಜುಟ್ಟು ಕಿತ್ತ ಕಾಯಿ ಹಿಡಿದು ಬಂದಿದ್ದಳು. "ಮೂರು ಕಣ್ಣಲ್ಲಿ ಒಂದೇ ಮೆತ್ತಗಿದೆ. ಎರಡು ಗಟ್ಟಿ. ಯಾಕೆ?" ತಾತ ಉತ್ತರ ಕೊಡಲಿಲ್ಲ. "ಎಷ್ಟು ಕಾಯಿ ನೋಡಿದೀಯ?" ಎಂದರು. "ನಾಕು." "ಇನ್ನೂ ಹತ್ತು ನೋಡು, ಅಟ್ಟದಲ್ಲಿದೆ."

ಹಾಗಾಗಿ ಎಲ್ಲರ ಹಿಂದೆ ನಾನೂ ಅಟ್ಟ ಹತ್ತಿದೆ.

ಈ ಸೀಮೆಯ ಹಳೆಯ ಮನೆಗಳನ್ನು ನೋಡದವರಿಗೆ ಅಟ್ಟದ ಬಗ್ಗೆ ಸ್ವಲ್ಪ ಹೇಳಬೇಕು. ತಿಪಟೂರು ಹೆಸರು ಮಾಡಿರುವುದು ಉಂಡೆ ಕೊಬ್ಬರಿಗೆ. ಬಲಿತ ಕಾಯಿಯನ್ನು ಸುಲಿಯದೆ, ಮಟ್ಟೆ ಸಮೇತ, ಗಾಳಿಯಾಡುವ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರು ನಿಧಾನಕ್ಕೆ ಇಂಗುತ್ತದೆ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಸುಲಿದು ಚಿಪ್ಪು ಒಡೆದರೆ ಇಡೀ ಗಿಟುಕು ಕೈಗೆ ಬರುತ್ತದೆ. ಬಿಸಿಲಿಗೆ ಹಾಕಿದರೆ ಈ ಉಂಡೆ ಆಗುವುದಿಲ್ಲ, ಅವಸರ ಮಾಡಿದರೂ ಆಗುವುದಿಲ್ಲ.

ಇಲ್ಲಿಯ ಅಟ್ಟದ ನೆಲ ಬಿದಿರಿನ ದಬ್ಬೆಯದು, ಸಂದಿಯಲ್ಲಿ ಕೆಳಗಿನ ಕೋಣೆ ಕಾಣುತ್ತದೆ. ಒಂದು ಮೂಲೆಯಲ್ಲಿ ಹನ್ನೆರಡು ಕಾಯಿಗಳಿಗೆ ಬಿಳಿ ಬಣ್ಣದಲ್ಲಿ ನಂಬರ್ ಹಾಕಿ ಬೇರೆ ಇಟ್ಟಿದ್ದಾರೆ. ಪ್ರತಿ ಗುರುವಾರ ಆ ಹನ್ನೆರಡನ್ನೂ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ತೂಗುತ್ತಾರೆ. ದೊಡ್ಡವರು ತೂಗಿದರೆ ಚಿಕ್ಕವರು ಬರೆದುಕೊಳ್ಳುತ್ತಾರೆ. ಮುಂದಿನ ವಾರ ಅದಲು ಬದಲು. ಒಂದನೇ ನಂಬರಿನ ಕಾಯಿ ಮೊದಲ ಸಲ ತೂಗಿದಾಗ 1 ಕಿಲೊ 140 ಗ್ರಾಂ. ನಾನು ನೋಡಿದ ದಿನ 610. ಗೋಡೆಗೆ ಅಂಟಿಸಿದ ದೊಡ್ಡ ನಕ್ಷೆ ಹಾಳೆಯ ಮೇಲೆ ಹನ್ನೆರಡು ಗೆರೆಗಳು ಮೊದಲು ಸರ್ರನೆ ಇಳಿದು ಆಮೇಲೆ ಚಪ್ಪಟೆಯಾಗಿವೆ. ಏಳನೇ ಗೆರೆ ಮಾತ್ರ ನಡುವೆ ತುಂಡಾಗಿದೆ. ಅಲ್ಲಿ ಕೆಂಪು ಪೆನ್ಸಿಲಲ್ಲಿ "ಮೊಳಕೆ ಬಂತು, ತಿಂದ್ವಿ" ಎಂದು ಬರೆದಿದ್ದಾರೆ.

ಇದಕ್ಕಿಂತ ಚೆನ್ನಾಗಿದ್ದದ್ದು ಸದ್ದಿನ ಪುಟ. ತೂಗುವ ಮುನ್ನ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಮೊದಲ ತಿಂಗಳುಗಳಲ್ಲಿ ನೀರು ಕುಲುಕುವ ಸದ್ದು. ನೀರು ಪೂರ್ತಿ ಇಂಗಿದ ಮೇಲೆ ಏನೂ ಇಲ್ಲ. ಕೆಲವು ವಾರ ಪುಸ್ತಕದಲ್ಲಿ ಬರೀ "ಇಲ್ಲ, ಇಲ್ಲ, ಇಲ್ಲ." ಕೊನೆಗೊಂದು ದಿನ ಒಳಗೆ ಗಿಟುಕು ಚಿಪ್ಪು ಬಿಟ್ಟು ಉರುಳುವ ಸದ್ದು, ಗಡಗಡ. ಉಳಿದ ಹನ್ನೊಂದು ಕಾಯಿಗಳಲ್ಲಿ ನಾಲ್ಕು ಆ ಹಂತಕ್ಕೆ ಬಂದಿದ್ದವು. ಐದನೆಯದರ ಬಗ್ಗೆ ಇಬ್ಬರು ಹುಡುಗರಿಗೆ ಜಗಳ. ಒಬ್ಬನಿಗೆ ಕೇಳಿಸಿತು, ಇನ್ನೊಬ್ಬನಿಗೆ ಇಲ್ಲ. ನನ್ನ ಕೈಗೂ ಕೊಟ್ಟರು. ಅಲ್ಲಾಡಿಸಿದೆ, ಏನೋ ಮಿಸುಕಿದಂತಾಯಿತು, ಖಚಿತವಿಲ್ಲ ಎಂದೆ. "ಖಚಿತ ಇಲ್ಲ ಅಂತಾನೇ ಬರಿ" ಎಂದರು ತಾತ. ಹಾಗೇ ಬರೆದುಕೊಂಡರು.

ಅಲ್ಲಿ ನಿಂತಾಗ ನನಗೆ ಅನಿಸಿದ್ದು ಹೇಳುತ್ತೇನೆ. ವಾರಕ್ಕೊಂದು ದಿನದ ಪಾಠ ಅಂದಾಗ ಹೆಚ್ಚಿನವರು ಅದರಲ್ಲಿ ಕಾಣುವುದು ಕೊರತೆ. ಆರು ದಿನ ಆಗಬೇಕಾದ್ದು ಒಂದೇ ದಿನ ಆಗುತ್ತದಲ್ಲ ಎಂಬ ಅನುಮಾನ. ಈ ಅಟ್ಟದ ಪಾಠಕ್ಕೆ ಮಾತ್ರ ವಾರದ ಬಿಡುವು ಬೇಕೇ ಬೇಕು. ದಿನಾ ತೂಗಿದರೆ ಗೆರೆ ಇಳಿದದ್ದೇ ಕಾಣುವುದಿಲ್ಲ. ವರ್ಷದುದ್ದದ ಈ ಒಂದು ಕೆಲಸ ಘಟಕ ಪರೀಕ್ಷೆಗಳ ನಡುವೆ ಶಾಲೆಯಲ್ಲಿ ಹಿಡಿಯುವುದು ಕಷ್ಟ. ಮನೆಯಲ್ಲಿ ಒಂಟಿ ಮಗುವೊಂದೇ ಮಾಡಿದರೆ, ಕೇಳಿಸಿತು ಕೇಳಿಸಲಿಲ್ಲ ಎಂದು ಜಗಳವಾಡಲು ಜೊತೆಗಾರರಿಲ್ಲ. ಈ ಜಾಗದ ಗಟ್ಟಿ ಪಾಠಗಳೆಲ್ಲ ಈ ಎರಡರ ನಡುವೆ ಬರುವಂಥವು.

ಹುಡುಗಿಯ ಪ್ರಶ್ನೆ? ಮೊಳಕೆ ಹೊರಬರುವುದು ಆ ಮೆತ್ತನೆಯ ಕಣ್ಣಿನಿಂದ. ಏಳನೇ ನಂಬರಿನ ಚಿಪ್ಪನ್ನು ಎತ್ತಿಟ್ಟಿದ್ದರು, ಅದನ್ನು ತೋರಿಸಿದಾಗ ಅವಳಿಗೇ ಹೊಳೆಯಿತು. ಉಳಿದೆರಡು ಕಣ್ಣು ಮತ್ತೇಕಿವೆ ಎಂದು ಮರುಪ್ರಶ್ನೆ ಹಾಕಿದಳು. ಅದನ್ನು ಮುಂದಿನ ವಾರಕ್ಕೆ ಬಿಟ್ಟರು.

ಕೆಳಗಿಳಿದರೆ ನಡುಮನೆಯಲ್ಲಿ ಲೆಕ್ಕ. ಬೋರ್ಡಿನ ಮೇಲೆ ಎರಡು ಸಂಖ್ಯೆ: 2014ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 5,500 ರೂಪಾಯಿ, 2025ರ ಹಂಗಾಮಿಗೆ 12,100. ಶೇಕಡಾ ಎಷ್ಟು ಏರಿತು? ದೊಡ್ಡವರು 120 ಎಂದು ಬೇಗ ಹೇಳಿದರು. ಅಲ್ಲಿಂದ ಲೆಕ್ಕ ಬೇರೆ ದಾರಿ ಹಿಡಿಯಿತು. ಒಂದು ಗಿಟುಕು ತೂಗಿದರು, 125 ಗ್ರಾಂ. ಹಾಗಾದರೆ ಕ್ವಿಂಟಲ್‌ಗೆ 800 ಗಿಟುಕು. ಬೆಂಬಲ ಬೆಲೆಯ ಲೆಕ್ಕದಲ್ಲಿ ಒಂದಕ್ಕೆ ಹದಿನೈದು ರೂಪಾಯಿ ಚಿಲ್ಲರೆ. "ವರ್ಷ ಪೂರ್ತಿ ಅಟ್ಟದಲ್ಲಿಟ್ಟು ಹದಿನೈದು ರೂಪಾಯಾ? ಎಳನೀರು ಮಾರಿದ್ರೆ ಇವತ್ತೇ ದುಡ್ಡು" ಎಂದ ಒಬ್ಬ. ಅವನಪ್ಪ ಕೊರೊನಾ ಕಾಲದಲ್ಲಿ ಬೆಂಗಳೂರಿನ ಕಂಪನಿ ಕೆಲಸದ ಸಮೇತ ಊರಿಗೆ ಬಂದವರು. ಇನ್ನೊಬ್ಬಳು, ತೋಟದ ಮನೆಯಲ್ಲೇ ಹುಟ್ಟಿದವಳು, ತಿರುಗಿಬಿದ್ದಳು: ಕೊಬ್ಬರಿ ಮಾರಿದರೆ ಮಟ್ಟೆ ಉಳಿಯುತ್ತೆ, ಚಿಪ್ಪು ಉಳಿಯುತ್ತೆ, ಅದಕ್ಕೂ ದುಡ್ಡು ಬರುತ್ತೆ. ಎಳನೀರು ಲಾರಿ ಹತ್ತಿದರೆ ಎಲ್ಲ ಹೋಯಿತು. ಪೇಟೆಯಲ್ಲಿ ರೇಟ್ ಏರಲಿ ಅಂತ ಕೊಬ್ಬರಿ ಇಟ್ಟುಕೊಂಡು ಕೂರಬಹುದು, ಎಳನೀರಿಗೆ ಆ ಭಾಗ್ಯವಿಲ್ಲ. ವಾದ ಮುಗಿಯಲಿಲ್ಲ.

ಆಗ ಒಬ್ಬ ಹುಡುಗ ಎದ್ದು ಹೊರಗೆ ಹೋದ. ಸುಲಿಯುವವರನ್ನು ಕೇಳಿ ಬಂದ: ಹನ್ನೊಂದು ವರ್ಷದ ಹಿಂದೆ ಸಾವಿರ ಕಾಯಿ ಸುಲಿದರೆ ಎಷ್ಟು ಕೊಡುತ್ತಿದ್ದರು, ಈಗೆಷ್ಟು? ಅವರು ಹೇಳಿದ ಸಂಖ್ಯೆಗಳನ್ನು ಬೋರ್ಡಿನ ಮೇಲೆ ಬರೆದು ಶೇಕಡಾ ತೆಗೆದರು. ಅದು ನೆನಪಿನ ಮೇಲೆ ಹೇಳಿದ ಲೆಕ್ಕವಾದ್ದರಿಂದ ಇಲ್ಲಿ ಕೊಡುವುದಿಲ್ಲ. ಆದರೆ ಕೊಬ್ಬರಿ ಬೆಲೆಯ ಪಕ್ಕದಲ್ಲಿ ಕೂಲಿಯನ್ನು ಬರೆಯಬೇಕೆಂದು ಹೊಳೆದದ್ದು ಹನ್ನೊಂದು ಹನ್ನೆರಡರ ಹುಡುಗನಿಗೆ. ಪಾಠ ಮಾಡುತ್ತಿದ್ದ ಅಕ್ಕನಿಗೂ ಅದು ಹೊಳೆದಿರಲಿಲ್ಲ ಎಂದು ಅವರ ಮುಖ ಹೇಳುತ್ತಿತ್ತು.

ಹನ್ನೊಂದೂವರೆಗೆ ಎಲ್ಲರೂ ತೋಟಕ್ಕೆ. ಮನೆ ಹಿಂದಿನ ನಾಲ್ಕು ಮರಗಳ ಬುಡದಲ್ಲಿ ಚೀಟಿ ನೇತುಹಾಕಿದ್ದಾರೆ. ಮರ ಹೆಚ್ಚುಕಡಿಮೆ ತಿಂಗಳಿಗೊಂದು ಗರಿ ಬಿಡುತ್ತದೆ, ಅದರ ಕಂಕುಳಲ್ಲೊಂದು ಹೊಂಬಾಳೆ. ಹೂವು ಕಾಯಾಗಿ ಬಲಿಯಲು ಸುಮಾರು ಹನ್ನೆರಡು ತಿಂಗಳು. ಕೆಳಗೆ ನಿಂತು ದುರ್ಬೀನಿನಲ್ಲಿ ಗೊನೆ ಎಣಿಸಿದರೆ ಮರದ ಕಳೆದ ಒಂದು ವರ್ಷದ ಚರಿತ್ರೆ ಓದಬಹುದು. ಬೇಸಿಗೆಯಲ್ಲಿ ನೀರು ಕಡಿಮೆಯಾದ ತಿಂಗಳ ಗೊನೆಯಲ್ಲಿ ಕಾಯಿ ತೆಳುವಾಗಿತ್ತು. ಅದನ್ನು ತೋರಿಸಿ ಒಬ್ಬ ಹುಡುಗಿ "ಮೋಟಾರ್ ಸುಟ್ಟಿತ್ತಲ್ಲ, ಆವಾಗಿಂದು" ಎಂದಳು.

ಬಿದ್ದಿದ್ದ ಒಂದು ಗರಿಯ ಸುತ್ತ ಎಲ್ಲರೂ ಕುಕ್ಕರುಗಾಲಲ್ಲಿ ಕೂತರು. ಭೂತಗನ್ನಡಿ ಕೈಯಿಂದ ಕೈಗೆ. ಎಲೆಯ ಮೇಲ್ಭಾಗ ಮಸಿ ಬಳಿದಂತೆ ಕಪ್ಪಾಗಿದೆ. ತಿರುವಿದರೆ ತಳದಲ್ಲಿ ಬಿಳಿ ಮೇಣದ ಸುರುಳಿಗಳು, ರಂಗೋಲಿ ಎಳೆ ಎಳೆದಷ್ಟು ಅಚ್ಚುಕಟ್ಟು. ರುಗೋಸ್ ಬಿಳಿನೊಣ ಹೀಗೆ ಸುತ್ತುತ್ತಾ ಮೊಟ್ಟೆಯಿಡುತ್ತದೆ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿ ಕಡೆ. ನೊಣ ರಸ ಹೀರಿ ಅಂಟು ಸುರಿಸುತ್ತದೆ, ಕೆಳಗಿನ ಎಲೆಗಳ ಮೇಲೆ ಆ ಅಂಟಿಗೆ ಕಪ್ಪು ಬೂಷ್ಟು ಹತ್ತುತ್ತದೆ. ಮಕ್ಕಳ ಕೆಲಸ ಮರಿಹುಳುಗಳನ್ನು ಎಣಿಸುವುದಲ್ಲ, ಅವುಗಳಲ್ಲಿ ಕಪ್ಪಾದವು ಎಷ್ಟು ಎಂದು ನೋಡುವುದು. ಎನ್‌ಕಾರ್ಸಿಯಾ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಣಜ ಬಿಳಿನೊಣದ ಮರಿಯೊಳಗೆ ಮೊಟ್ಟೆಯಿಟ್ಟರೆ ಆ ಮರಿ ಕಪ್ಪಾಗುತ್ತದೆ. ಕಪ್ಪಾದವು ಹೆಚ್ಚಿದ್ದರೆ ಕಣಜ ಕೆಲಸ ಮಾಡುತ್ತಿದೆ, ಔಷಧಿ ಹೊಡೆದು ಅದನ್ನೂ ಕೊಲ್ಲುವುದು ಬೇಡ ಎಂದರ್ಥ. ಒಂದು ಎಲೆಗೆ ಇಬ್ಬರು ಎಣಿಸಿದರು. ಒಬ್ಬನಿಗೆ 31 ಸಿಕ್ಕಿತು, ಇನ್ನೊಬ್ಬಳಿಗೆ 38. ಮೂರನೆಯವನು ಎಣಿಸುವವರೆಗೆ ಯಾರೂ ಏಳಲಿಲ್ಲ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುದ್ದೆ, ಅವರೆಕಾಳಿನ ಸಾರು, ಮಜ್ಜಿಗೆ. ಮಕ್ಕಳು ತಮ್ಮ ತಟ್ಟೆ ತಾವೇ ತೊಳೆದರು.

ಮಧ್ಯಾಹ್ನ ಪಡಸಾಲೆಯಲ್ಲಿ ಓದು. ಒಂದು ಗೋಡೆ ತುಂಬ ಪೆನ್ಸಿಲ್ ಚಿತ್ರಗಳಿವೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿಗೆ ಹೋಗಿ ಬಂದು ಬರೆದವು. ಒಂಬತ್ತನೇ ಶತಮಾನದ ಆ ಗುಡಿಯ ಚಾವಣಿಯ ಭುವನೇಶ್ವರಿಯಲ್ಲಿ ನಡುವೆ ನಟರಾಜ, ಸುತ್ತ ಅಷ್ಟದಿಕ್ಪಾಲಕರಿದ್ದಾರೆ. ಮಕ್ಕಳು ನೆಲದ ಮೇಲೆ ಅಂಗಾತ ಮಲಗಿ, ಎದೆಯ ಮೇಲೆ ದಿಕ್ಸೂಚಿ ಇಟ್ಟುಕೊಂಡು, ಕೋಣನ ಮೇಲಿನ ಯಮ ದಕ್ಷಿಣಕ್ಕೇ ಇದ್ದಾನೆಯೇ ಎಂದು ಪರೀಕ್ಷಿಸಿದರಂತೆ. ಒಬ್ಬ ಬರೆದ ಐರಾವತಕ್ಕೆ ಕಾಲು ಐದು. ಅದನ್ನೂ ತೆಗೆದಿಲ್ಲ.

ಈ ಕೋಣೆಯಲ್ಲಿ ನನಗೆ ಸ್ವಲ್ಪ ಕಸಿವಿಸಿಯಾಯಿತು. ಅರ್ಧದಷ್ಟು ಮಕ್ಕಳು ಕನ್ನಡ ಅರಳು ಹುರಿದಂತೆ ಮಾತಾಡುತ್ತಾರೆ, ಓದಲು ಕೂತರೆ ಒತ್ತಕ್ಷರಕ್ಕೆ ತಡವರಿಸುತ್ತಾರೆ. ಮನೆಯ ಪಾಠ ಇಂಗ್ಲಿಷ್ ಪುಸ್ತಕಗಳಲ್ಲಿ ನಡೆಯುವುದೇ ಕಾರಣ. ಈ ನೆಲ ಕನ್ನಡಕ್ಕೆ ಸಾಮಾನ್ಯರನ್ನು ಕೊಟ್ಟದ್ದಲ್ಲ. ಬಿ.ಎಂ.ಶ್ರೀ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, ತೀ.ನಂ.ಶ್ರೀ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಅದನ್ನು ಹೇಳಿ ಮಕ್ಕಳಿಗೆ ನೀತಿ ಹೇಳುವ ಮನಸ್ಸಾಗಲಿಲ್ಲ. ಪೋಷಕರಿಗೆ ಹೇಳಿದೆ. ಒಬ್ಬರು ತಲೆಯಾಡಿಸಿದರು, ಇನ್ನೊಬ್ಬರು ಪರೀಕ್ಷೆಯ ಮಾತು ತೆಗೆದರು.

ಪರೀಕ್ಷೆ ದೊಡ್ಡ ಮಕ್ಕಳಿರುವ ಎಲ್ಲ ಮನೆಗಳ ಚಿಂತೆ. ಹೆಚ್ಚಿನವರು ಕಣ್ಣಿಟ್ಟಿರುವುದು ಕೇಂದ್ರದ ಎನ್‌ಐಒಎಸ್ ಮುಕ್ತ ಶಾಲೆಯ ಮೇಲೆ. ಹದಿನಾಲ್ಕು ತುಂಬಿದವರು ಅದರ ಹತ್ತನೇ ತರಗತಿ ಪರೀಕ್ಷೆಗೆ ಹೆಸರು ಹಚ್ಚಬಹುದು. ಕನಿಷ್ಠ ಐದು ವಿಷಯ. ಎಲ್ಲವನ್ನೂ ಒಂದೇ ಸಲ ಬರೆಯಬೇಕೆಂದಿಲ್ಲ, ಐದು ವರ್ಷದೊಳಗೆ ಒಂದೊಂದಾಗಿ ಮುಗಿಸಬಹುದು. ಮೀಸೆ ಚಿಗುರುವ ಹುಡುಗ ಈಗಾಗಲೇ ಎರಡು ಬರೆದಿದ್ದಾನೆ. ಅವನನ್ನು ಕೇಳಿದೆ, ಶಾಲೆಗೆ ಹೋಗಬೇಕಿತ್ತು ಅನಿಸುತ್ತಾ? "ಕಬಡ್ಡಿ ಟೀಮಿಗೆ ಅನಿಸುತ್ತೆ" ಎಂದ. ಇಲ್ಲಿ ಅವನ ವಯಸ್ಸಿನವರು ಇನ್ನಿಬ್ಬರೇ. ಟೀಮು ಕಟ್ಟಲು ಏಳು ಜನ ಬೇಕು.

ನಾಲ್ಕು ಗಂಟೆಗೆ ಎಕ್ಸೆಲ್ ಗಾಡಿ, ಸ್ಕೂಟರ್, ಒಂದು ಓಮ್ನಿ ಬಂದು ನಿಂತವು. ಮಕ್ಕಳು ಹೊರಡುವಾಗಲೂ ಸುಲಿಯುವವರು ಅಲ್ಲೇ ಇದ್ದರು. ಅವರ ಪಕ್ಕ ಕೂತು ಮಾತಾಡಿಸಿದೆ. ಅವರಿಗೂ ಇಬ್ಬರು ಮಕ್ಕಳು, ಊರಿನ ಸರ್ಕಾರಿ ಶಾಲೆಗೆ ಹೋಗುತ್ತಾರೆ. ಚಿಕ್ಕವನು ನಲಿ-ಕಲಿಯಲ್ಲಿದ್ದಾನೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲೂ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ, ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಜಗಲಿಯಲ್ಲಿ ನಾನು ಕಂಡದ್ದಕ್ಕೂ ಅದಕ್ಕೂ ಇರುವ ಅಂತರ ಎರಡೂ ಕಡೆಯವರು ಅಂದುಕೊಂಡಷ್ಟಿಲ್ಲ. "ನಿಮ್ಮ ಮಕ್ಕಳೂ ಇಲ್ಲಿಗೆ ಬರ್ತಾರಾ?" ಎಂದು ಕೇಳಿದೆ. "ಗುರುವಾರ ಅವಕ್ಕೆ ಸ್ಕೂಲ್ ಇರುತ್ತಲ್ಲ ಸ್ವಾಮಿ" ಎಂದರು. ಅದರಲ್ಲಿ ದೂರು ಇರಲಿಲ್ಲ.

ವಾಪಸ್ ಒಳಗೆ ಹೋಗಿ ಅಕ್ಕಂದಿರನ್ನು ವಿಚಾರಿಸಿದೆ: ಗುರುವಾರವೇ ಯಾಕೆ? ಭಾನುವಾರ ಮದುವೆ, ನಾಮಕರಣ, ದೇವಸ್ಥಾನ ಅಂತ ಅರ್ಧ ಜನ ಬರುವುದಿಲ್ಲ ಎಂದರು ಒಬ್ಬರು. ಮೊದಲಿನಿಂದ ಹಾಗೇ ಬಂದಿದೆ ಎಂದರು ಮತ್ತೊಬ್ಬರು. ಊರಿನ ಮಕ್ಕಳನ್ನು ದೂರ ಇಡಬೇಕೆಂದು ಯಾರೂ ಯೋಚಿಸಿ ಮಾಡಿದ್ದಲ್ಲ, ಅದು ನನಗೆ ಸ್ಪಷ್ಟವಾಗಿ ಕಂಡಿತು. ಆದರೂ ಗುರುವಾರ ಎಂಬ ಒಂದೇ ಆಯ್ಕೆಯಿಂದ ಗೇಟು ಮುಚ್ಚಿದಂತಾಗಿದೆ. ತೂಕದ ಪಾಠ, ಬಿಳಿನೊಣದ ಪಾಠ, ಬೆಲೆ-ಕೂಲಿಯ ಲೆಕ್ಕ, ಇವು ಯಾವುವೂ ಮನೆಪಾಠದ ಮಕ್ಕಳಿಗೆ ಮಾತ್ರ ಬೇಕಾದವಲ್ಲ. ಸುಲಿಯುವವರ ಮಗ ಆ ಲೆಕ್ಕದ ಹೊತ್ತಿನಲ್ಲಿ ಕೋಣೆಯೊಳಗಿದ್ದಿದ್ದರೆ ಇನ್ನೊಬ್ಬ ಹುಡುಗ ಎದ್ದು ಹೊರಗೆ ಹೋಗಿ ಕೇಳಬೇಕಾಗಿರಲಿಲ್ಲ.

ಇಂಥ ವಾರದ ಪಾಠಗಳನ್ನು ಬೇರೆ ಊರುಗಳಲ್ಲಿ ನಡೆಸುತ್ತಿರುವವರೂ ಇದನ್ನು ಓದುತ್ತಿರಬಹುದು. ಅವರಲ್ಲೂ ಈ ಮನೆಯವರಲ್ಲೂ ನನ್ನ ಕೋರಿಕೆ ಒಂದೇ. ತಿಂಗಳಿಗೆ ಒಂದು ಸಲವಾದರೂ ಭಾನುವಾರ ಮಾಡಿ, ಪಕ್ಕದ ಶಾಲೆಯ ಮಕ್ಕಳನ್ನು ಕರೆಯಿರಿ. ಆ ಹುಡುಗನ ಕಬಡ್ಡಿ ಟೀಮಿಗೂ ಏಳು ಜನ ಸಿಗುತ್ತಾರೆ.